ತಾತನನ್ನು ಈ ಕಡೆ ತಿರುಗಿಸಿ

ನಮ್ಮಣ್ಣನ ಮನೆ ಹಾಲ್‌ನಲ್ಲಿ ಅಪ್ಪನ ಒಂದು ಪೆನ್ಸಿಲ್ ಚಿತ್ರ ಇದೆ. ನಾನೇ ಬರೆದದ್ದು. ಅಪ್ಪ ಹೋದ ಮೇಲೆ ಕೆಲವು ತಿಂಗಳು ನನಗೆ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಆಗ ಅವರ ಒಂದು ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅದರ ಮೇಲೆ ಸ್ಕೇಲ್ ಇಟ್ಟು ಚೌಕ ಎಳೆದೆ. ಡ್ರಾಯಿಂಗ್ ಹಾಳೆಯ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದೇ ಚೌಕ ತುಂಬಿಸುತ್ತಾ ಹೋದೆ. ಶಾಲೆಯಲ್ಲಿ ಇದಕ್ಕೆ ಗ್ರಾಫ್ ಹಾಕಿ ಬರೆಯೋದು ಅಂತಿದ್ದೆವು. ಒಂದು ಚೌಕದಲ್ಲಿ ಕಣ್ಣಿನ ಪಕ್ಕದ ಸುಕ್ಕು. ಇನ್ನೊಂದರಲ್ಲಿ ಕನ್ನಡಕದ ಗಾಜಿನ ಹೊಳಪು. ಮೇಲಿನ ಸಾಲಿನಲ್ಲಿ ವಿಭೂತಿಯ ಮೂರು ಗೆರೆ. ಇಪ್ಪತ್ತು ದಿನ ಹಿಡಿಯಿತು. ಅಣ್ಣ ಅದನ್ನು ನೋಡಿ ತುಂಬಾ ಹೊತ್ತು ಮಾತೇ ಆಡಲಿಲ್ಲ. ಮಾರನೇ ದಿನವೇ ಫ್ರೇಮ್ ಹಾಕಿಸಿಕೊಂಡು ಬಂದ.

ಮನೆಗೆ ಬಂದವರೆಲ್ಲ ಹೊಗಳಿದರು. ಥೇಟ್ ಅವರೇ ಅಂದರು. ನನಗೂ ಹಾಗೇ ಅನ್ನಿಸಿತ್ತು. ಚಿಕ್ಕವಳಿದ್ದಾಗ ಬಿಟ್ಟುಹೋದ ಒಂದು ವಿದ್ಯೆ ತಾನಾಗೇ ವಾಪಸ್ ಬಂದಿದೆ ಅಂದುಕೊಂಡೆ.

ಮುಂದಿನ ಯುಗಾದಿಗೆ ಎಲ್ಲರೂ ಸೇರಿದ್ದೆವು. ಅಣ್ಣನ ಮಗಳಿಗೆ ಆಗ ಏಳು ವರ್ಷ. ಆ ಚಿತ್ರದ ಕೆಳಗೆ ನಿಂತು ನೋಡುತ್ತಿದ್ದವಳು ನನ್ನ ಸೆರಗು ಎಳೆದಳು. "ಅತ್ತೆ, ತಾತನ್ನ ಈ ಕಡೆ ತಿರುಗಿಸಿ ಬರೀತೀಯಾ?" ಅವಳ ಬೆರಳು ಕಿಟಕಿ ಕಡೆ ಇತ್ತು. "ತಾತ ಯಾವಾಗ್ಲೂ ಕಿಟಕಿ ಹತ್ರ ಆ ಕಡೆ ತಿರುಗಿ ಕೂತು ಪೇಪರ್ ಓದ್ತಿದ್ರು ಅಲ್ವಾ. ಹಂಗೆ." ಬರೀತೀನಿ ಪುಟ್ಟಿ ಅಂದೆ. ಅಂದು ರಾತ್ರಿಯೇ ಕೂತೆ.

ಅಪ್ಪ ಪಕ್ಕಕ್ಕೆ ತಿರುಗಿದ ಫೋಟೋ ನಮ್ಮ ಹತ್ತಿರ ಒಂದೂ ಇಲ್ಲ. ಅವರ ಕಾಲದವರು ಫೋಟೋ ಅಂದರೆ ನೇರ ಕೂತು ಕ್ಯಾಮೆರಾ ನೋಡುವವರು. ಪರವಾಗಿಲ್ಲ, ಮೂವತ್ತೈದು ವರ್ಷ ನೋಡಿದ ಮುಖ ತಾನೇ, ಇಪ್ಪತ್ತು ದಿನ ಒಂದೊಂದು ಇಂಚನ್ನೂ ಬರೆದಿದ್ದೇನೆ ತಾನೇ ಅಂತ ಶುರು ಮಾಡಿದೆ. ಹಣೆ ಬಂತು. ಮೂಗು ಅಂಟಿಸಿದ ಹಾಗೆ ಬಂತು. ಕಿವಿ ಕೆನ್ನೆಯ ಪಕ್ಕಕ್ಕೇ ಬಂದು ಕೂತಿತು. ತಲೆಯ ಹಿಂಭಾಗ ಎಲ್ಲಿಗೆ ಮುಗಿಯಬೇಕು ಅಂತಲೇ ತಿಳಿಯಲಿಲ್ಲ. ಅಳಿಸಿದೆ, ಬರೆದೆ, ಅಳಿಸಿದೆ. ಎರಡು ಗಂಟೆಗೆ ಹಾಳೆ ಹರಿಯಿತು. ಅದರಲ್ಲಿ ಒಬ್ಬ ಮನುಷ್ಯ ಇದ್ದ, ಅಪ್ಪ ಇರಲಿಲ್ಲ.

ಈ ಪ್ರಶ್ನೆ ಅಲ್ಲಿಂದ ನನ್ನನ್ನು ಬಿಡಲಿಲ್ಲ. ಒಂದು ಮುಖವನ್ನು ಅಷ್ಟು ಚೆನ್ನಾಗಿ ಬರೆದವಳಿಗೆ ಅದೇ ಮುಖವನ್ನು ಸ್ವಲ್ಪ ತಿರುಗಿಸಲು ಯಾಕೆ ಆಗಲಿಲ್ಲ? ಹಾಗಾದರೆ ನಾನು ಬರೆದದ್ದು ಏನನ್ನು?

ಚೌಕದಲ್ಲಿ ಇದ್ದದ್ದು

ಗ್ರಾಫ್ ಹಾಕುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಇಪ್ಪತ್ತು ರಾತ್ರಿ ಅದು ನನ್ನ ಕೈ ಹಿಡಿಯಿತು. ಆದರೆ ಅದು ಏನು ಕಲಿಸುತ್ತದೆ, ಏನು ಕಲಿಸುವುದಿಲ್ಲ ಅಂತ ಈಗ ಗೊತ್ತಾಗಿದೆ. ಒಂದು ಚೌಕದೊಳಗೆ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಎಲ್ಲಿ ಕಪ್ಪು, ಎಲ್ಲಿ ಬೂದು ಅಂತ ಅದು ಹೇಳುತ್ತದೆ. ಆ ಬೂದು ಯಾಕೆ ಬಂತು ಅಂತ ಹೇಳುವುದಿಲ್ಲ. ಮೂಗು ಮುಖದಿಂದ ಮುಂದಕ್ಕೆ ಬಂದಿದೆ, ಕಣ್ಣು ಗುಳಿಯೊಳಗೆ ಕೂತಿದೆ, ಕಿವಿ ತುಂಬಾ ಹಿಂದಿದೆ. ಇದ್ಯಾವುದೂ ನಾನು ಬರೆಯುವಾಗ ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಒಂದು ಚಪ್ಪಟೆ ಹಾಳೆಯಿಂದ ಇನ್ನೊಂದು ಚಪ್ಪಟೆ ಹಾಳೆಗೆ ಸಾಗಿಸಿದ್ದೆ, ಅಷ್ಟೇ.

ಆ ವರ್ಷ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿದ್ದೆ. ಆ ರಸ್ತೆ ಅಂದು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಜನರ ನಡುವೆ ಒಬ್ಬ ಕಲಾವಿದರು ಫುಟ್‌ಪಾತ್ ಮೇಲೆ ಸಣ್ಣ ಸ್ಟೂಲ್ ಹಾಕಿಕೊಂಡು, ಎದುರಿಗೆ ಕೂತವರ ಮುಖ ಬರೆದುಕೊಡುತ್ತಿದ್ದರು. ಐದಾರು ವರ್ಷದ ಒಂದು ಹುಡುಗ ಕೂತಿದ್ದ. ಅರ್ಧ ಆಗುವಷ್ಟರಲ್ಲಿ ಬಲೂನ್ ಮಾರುವವನು ಆ ಕಡೆಯಿಂದ ಬಂದ. ಹುಡುಗನ ತಲೆ ಪೂರ್ತಿ ಎಡಕ್ಕೆ ತಿರುಗಿತು. ಅವನ ಅಮ್ಮ ಗದ್ದ ಹಿಡಿದು ಸರಿ ಮಾಡಲು ಹೋದರು. "ಬಿಡಿ ಅಮ್ಮ, ನೋಡ್ಲಿ" ಅಂದರು ಆ ಕಲಾವಿದರು. ಅವರ ಕೈ ನಿಲ್ಲಲಿಲ್ಲ. ಹುಡುಗ ಬಲೂನ್ ನೋಡುತ್ತಿದ್ದ, ಹಾಳೆಯ ಮೇಲೆ ಅವನು ನಮ್ಮನ್ನು ನೋಡುತ್ತಲೇ ಇದ್ದ. ಅಂದು ಅದನ್ನು ನೋಡಿ ಎಷ್ಟು ಚೆಂದ ಅಂತ ಮುಂದೆ ಹೋಗಿದ್ದೆ. ಯುಗಾದಿ ರಾತ್ರಿ, ಹರಿದ ಹಾಳೆಯ ಮುಂದೆ ಕೂತಾಗ ಆ ಹುಡುಗ ನೆನಪಾದ. ಆ ಕಲಾವಿದರ ಮನಸ್ಸಿನಲ್ಲಿ ಒಂದು ತಲೆ ಇತ್ತು. ಎಲ್ಲ ಕಡೆಯಿಂದಲೂ ಇರುವ ತಲೆ. ಎದುರಿಗೆ ಕೂತ ಹುಡುಗನಿಂದ ಅವರಿಗೆ ಬೇಕಾಗಿದ್ದದ್ದು ಆ ತಲೆ ಇವನಲ್ಲಿ ಹೇಗೆ ಬೇರೆಯಾಗಿದೆ ಅನ್ನೋದು ಮಾತ್ರ.

ನನ್ನ ಹತ್ತಿರ ಇದ್ದದ್ದು ಚೌಕಗಳು.

ಲೋಟ

ಹನುಮಂತನಗರದಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು ಇದ್ದಾರೆ ಅಂತ ಆಫೀಸಿನ ಗೆಳತಿ ಹೇಳಿದಳು. ಶಾಲೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಭಾನುವಾರ ಬೆಳಿಗ್ಗೆ ಮನೆ ಮಹಡಿಯ ಮೇಲೆ, ಶೀಟ್ ಹಾಕಿದ ಒಂದು ಉದ್ದನೆ ಜಾಗದಲ್ಲಿ ಹೇಳಿಕೊಡುತ್ತಾರೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಿದ ಮಕ್ಕಳು ಒಂದು ಕಡೆ. ಆರ್ಕಿಟೆಕ್ಚರ್ ಸೇರಬೇಕು ಅಂತಿರುವ ಒಬ್ಬ ಪಿಯು ಹುಡುಗ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಹಿರಿಯ ಹೆಂಗಸು. ನಾನು ನನ್ನ ಫೈಲ್ ತೆಗೆದುಕೊಂಡು ಹೋಗಿದ್ದೆ. ಅಪ್ಪನ ಚಿತ್ರದ ಫೋಟೋ, ಇನ್ನೂ ಕೆಲವು ಮುಖಗಳು, ಒಂದು ಹಂಪಿ ರಥ. ಎಲ್ಲವೂ ಗ್ರಾಫ್ ಹಾಕಿಯೇ ಬರೆದವು. ಮೇಷ್ಟ್ರು ಒಂದೊಂದನ್ನೂ ನಿಧಾನವಾಗಿ ನೋಡಿದರು. "ತಾಳ್ಮೆ ಇದೆಯಮ್ಮ ನಿಮಗೆ. ಅದು ಎಲ್ಲರಿಗೂ ಇರಲ್ಲ" ಅಂದರು. ಆಮೇಲೆ ಒಳಗೆ ಹೋಗಿ ಸ್ಟೀಲಿನ ಕಾಫಿ ಲೋಟ ತಂದು ಸ್ಟೂಲ್ ಮೇಲಿಟ್ಟರು. "ಇದನ್ನ ಬರೀರಿ."

ಬರೆದೆ. ಹತ್ತು ನಿಮಿಷ ಸಾಕಾಯಿತು. ಬಾಯಿ ದುಂಡಗೆ, ಎರಡು ತುದಿ ಎಲೆಯ ತುದಿಯ ಹಾಗೆ ಚೂಪಾಗಿ. ಎರಡು ಬದಿ ಗೆರೆ. ತಳಕ್ಕೆ ಒಂದು ನೇರ ಗೆರೆ.

"ತಳ ಯಾಕೆ ನೇರ ಮಾಡಿದ್ರಿ?"

"ಸ್ಟೂಲ್ ಮೇಲೆ ಸಮವಾಗಿ ಕೂತಿದೆಯಲ್ಲ ಸರ್."

"ಕೂತಿರೋದು ನಿಮಗೆ ಗೊತ್ತು. ಕಾಣ್ತಿರೋದೇನು, ನೋಡಿ ಹೇಳಿ."

ನೋಡಿದೆ. ತಳ ಬಾಗಿತ್ತು. ಸ್ಪಷ್ಟವಾಗಿ, ಯಾರಿಗೂ ಕಾಣುವ ಹಾಗೆ ಬಾಗಿತ್ತು. ಹತ್ತು ನಿಮಿಷ ಅದನ್ನೇ ನೋಡಿಕೊಂಡು ನೇರ ಗೆರೆ ಎಳೆದಿದ್ದೆ.

ಮೇಷ್ಟ್ರು ಲೋಟವನ್ನು ಕೈಗೆ ತೆಗೆದುಕೊಂಡು ನನ್ನ ಮುಖದ ಮುಂದೆ ಹಿಡಿದರು. ನಿಧಾನವಾಗಿ ಮೇಲೆತ್ತಿದರು. ಬಾಯಿಯ ದುಂಡು ತೆಳ್ಳಗಾಗುತ್ತಾ ಹೋಯಿತು. ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ ಬಂದಾಗ ಅದು ಬರೀ ಒಂದು ಗೆರೆ. ಇನ್ನೂ ಮೇಲೆ ಹೋದಾಗ ಬಾಯಿ ಕಾಣೆಯಾಯಿತು, ತಳದ ಅಡಿ ಕಂಡಿತು. ಮತ್ತೆ ಕೆಳಗಿಳಿಸಿದರು. ಗೆರೆ ತೆರೆಯಿತು, ಅಗಲವಾಯಿತು, ಸೊಂಟದ ಹತ್ತಿರ ಬಂದಾಗ ಹೆಚ್ಚುಕಮ್ಮಿ ಪೂರ್ತಿ ದುಂಡಾಯಿತು. "ಕಣ್ಣಿನಿಂದ ಎಷ್ಟು ಕೆಳಗೆ ಹೋಗುತ್ತೋ ಅಷ್ಟು ತೆರ್ಕೊಳ್ಳುತ್ತೆ. ಈಗ ಹೇಳಿ, ಸ್ಟೂಲ್ ಮೇಲಿಟ್ಟಾಗ ಬಾಯಿ ಕೆಳಗಿದೆಯೋ ತಳ ಕೆಳಗಿದೆಯೋ?" ತಳ ಅಂದೆ. "ಹಾಗಾದ್ರೆ ಯಾವುದು ಜಾಸ್ತಿ ಬಾಗಬೇಕು?"

ನಾನು ದಿನಕ್ಕೆ ಎರಡು ಸಲ ಕಾಫಿ ಕುಡಿಯುವವಳು. ಆ ಲೋಟ ನನ್ನ ಕೈಯಲ್ಲಿ ಇರದ ದಿನ ಇಲ್ಲ. ಅದರ ತಳ ಬಾಯಿಗಿಂತ ಜಾಸ್ತಿ ಬಾಗಿ ಕಾಣುತ್ತದೆ ಅಂತ ನನಗೆ ಅಂದು ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ.

ಮೂರು ಭಾನುವಾರ ಬರೀ ಲೋಟ ಬರೆದೆ. ಎರಡನೇ ವಾರ ಕೆಳಗೆ ದವರಾ ಬಂತು. ಅದರ ಅಗಲವಾದ ದುಂಡಿನೊಳಗೆ ಲೋಟದ ತಳದ ದುಂಡು ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಲೋಟ ತೇಲುತ್ತದೆ, ಇಲ್ಲವೇ ಬೀಳುವ ಹಾಗೆ ಕಾಣುತ್ತದೆ. ಅಳತೆ ಹಿಡಿಯುವುದನ್ನೂ ಆಗಲೇ ಕಲಿತದ್ದು. ತೋಳು ಪೂರ್ತಿ ಚಾಚಬೇಕು, ಮೊಣಕೈ ಮಡಿಸಬಾರದು, ಒಂದು ಕಣ್ಣು ಮುಚ್ಚಬೇಕು. ಪೆನ್ಸಿಲ್ಲಿನ ತುದಿ ಲೋಟದ ಒಂದು ಅಂಚಿಗೆ, ಹೆಬ್ಬೆರಳು ಇನ್ನೊಂದು ಅಂಚಿಗೆ. ಅಗಲ ಇಷ್ಟು. ಅದೇ ಅಳತೆ ಎತ್ತರಕ್ಕೆ ಎಷ್ಟು ಸಲ ಹೋಗುತ್ತದೆ? ಮೊಣಕೈ ಸ್ವಲ್ಪ ಮಡಿಸಿದರೂ ಪೆನ್ಸಿಲ್ ಕಣ್ಣಿಗೆ ಹತ್ತಿರ ಬಂದು ಅಳತೆ ಬದಲಾಗುತ್ತದೆ. ಸಿನಿಮಾದಲ್ಲಿ ಕಲಾವಿದರು ಹೆಬ್ಬೆರಳು ಹಿಡಿದು ನೋಡುವುದನ್ನು ನೋಡಿ, ಅದು ಸುಮ್ನೆ ಶೋಕಿಗೆ ಅಂದುಕೊಂಡಿದ್ದೆ. ಅದರಲ್ಲಿ ಇಷ್ಟು ಲೆಕ್ಕ ಇದೆ.

ಗೆರೆಯನ್ನೂ ಹೊಸದಾಗಿ ಕಲಿಯಬೇಕಾಯಿತು. ನಾನು ಅಕ್ಷರ ಬರೆಯುವ ಹಾಗೆ ಬೆರಳು ಮಣಿಕಟ್ಟು ಮಾತ್ರ ಆಡಿಸುತ್ತಿದ್ದೆ. ಗೆರೆ ತುಂಡುತುಂಡಾಗಿ, ರೋಮದ ಹಾಗೆ ಬರುತ್ತಿತ್ತು. ತೋಳಿನಿಂದ ಎಳೀರಿ ಅಂದರು ಮೇಷ್ಟ್ರು. ಆಗಲಿಲ್ಲ. "ನಿಮ್ಮಮ್ಮ ರಂಗೋಲಿ ಹಾಕ್ತಾರಾ?" ಅಂತ ಕೇಳಿದರು. ಅಮ್ಮ ಬಾಗಿಲ ಮುಂದೆ ಬಗ್ಗಿ ನಿಂತು ರಂಗೋಲಿ ಎಳೆಯುವುದು ನೆನಪಾಯಿತು. ಅವರ ಬೆರಳು ಪುಡಿ ಬಿಡಲು ಮಾತ್ರ. ಗೆರೆ ಹೋಗುವುದು ಭುಜದಿಂದ. ಚುಕ್ಕಿಯಿಂದ ಚುಕ್ಕಿಗೆ ಕೈ ತಡೆಯದೆ ಹೋಗಿ, ಸುತ್ತಿಕೊಂಡು, ಶುರುವಾದಲ್ಲಿಗೇ ಬಂದು ಸೇರುತ್ತದೆ. ಆ ವಾರ ಪೂರ್ತಿ ಹಳೇ ದಿನಪತ್ರಿಕೆಗಳ ಮೇಲೆ ದುಂಡು ಎಳೆದೆ. ಅಮ್ಮನ ಕೈ ನೆನೆಸಿಕೊಂಡು ಎಳೆದೆ.

ನಮ್ಮ ಭಾಷೆಯಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಆದರೆ ಅಕ್ಷರಕ್ಕೆ ಮೊದಲು ತಿದ್ದುತ್ತೇವೆ. ಅಕ್ಕಿಯ ಮೇಲೆ, ಸ್ಲೇಟಿನ ಮೇಲೆ ಅ ಆ ತಿದ್ದಿ ತಿದ್ದಿ ಆಮೇಲೆ ಬರೆಯುತ್ತೇವೆ. ಚಿತ್ರಕ್ಕೆ ಮಾತ್ರ ಆ ತಿದ್ದುವ ಕಾಲ ಯಾಕೋ ಬೇಡ ಅಂತ ಬಿಟ್ಟುಬಿಟ್ಟಿದ್ದೇವೆ.

ಕಣ್ಣಿನ ಮಟ್ಟ

ಲೋಟದಲ್ಲಿ ಕಲಿತದ್ದು ಲೋಟಕ್ಕೆ ನಿಲ್ಲಲಿಲ್ಲ. ಗಾಂಧಿ ಬಜಾರಿನ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಟೇಬಲ್ ಮೇಲೆ ನಾಲ್ಕು ಲೋಟ ಇದ್ದವು. ನನ್ನ ಹತ್ತಿರದ್ದರ ಬಾಯಿ ಅಗಲವಾಗಿ ತೆರೆದಿತ್ತು. ದೂರದ್ದು ತೆಳ್ಳಗೆ ಮುಚ್ಚಿತ್ತು. ನಾಲ್ಕೂ ಒಂದೇ ಅಂಗಡಿಯ ಒಂದೇ ಅಳತೆಯ ಲೋಟ, ನಾಲ್ಕು ಬೇರೆ ದುಂಡು.

ಅದಾದ ಮೇಲೆ ಒಂದು ಸಂಜೆ ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್‌ನಲ್ಲಿ ರೈಲಿಗೆ ಕಾಯುತ್ತಿದ್ದೆ. ಪ್ಲಾಟ್‌ಫಾರಂ ಖಾಲಿ ಇತ್ತು. ಮೇಷ್ಟ್ರು ಹಿಂದಿನ ವಾರವಷ್ಟೇ ಪರ್ಸ್ಪೆಕ್ಟಿವ್, ಅಂದರೆ ದೂರ ಹತ್ತಿರ ಕಣ್ಣಿಗೆ ಕಾಣುವ ಹಾಗೆಯೇ ಹಾಳೆಯ ಮೇಲೆ ತರುವ ಪಾಠ, ಶುರು ಮಾಡಿದ್ದರು. ಸುಮ್ನೆ ನೋಡಿದೆ. ಹಳಿಗಳು ದೂರದಲ್ಲಿ ಸೇರುತ್ತವೆ ಅಂತ ಎಲ್ಲರಿಗೂ ಗೊತ್ತು. ನನಗೆ ಅಂದು ಕಂಡದ್ದು ಬೇರೆ. ನೆಲದ ಗೆರೆಗಳೆಲ್ಲ ದೂರ ಹೋಗುತ್ತಾ ಮೇಲಕ್ಕೆ ಏರುತ್ತಿದ್ದವು. ಛಾವಣಿಯ ಗೆರೆಗಳೆಲ್ಲ ಕೆಳಕ್ಕೆ ಇಳಿಯುತ್ತಿದ್ದವು. ಎರಡೂ ಹೋಗಿ ಸೇರುತ್ತಿದ್ದ ಜಾಗ ಸರಿಯಾಗಿ ನನ್ನ ಕಣ್ಣಿನ ಎತ್ತರದಲ್ಲಿತ್ತು. ಬೆಂಚಿನ ಮೇಲೆ ಕೂತೆ. ಆ ಜಾಗವೂ ನನ್ನ ಜೊತೆ ಕೆಳಗಿಳಿಯಿತು. ಎದ್ದೆ, ಅದೂ ಎದ್ದಿತು. ಎರಡು ಮೂರು ಸಲ ಎದ್ದು ಕೂತು ನೋಡಿದೆ. ಲೋಟದ ಬಾಯಿ ಗೆರೆಯಾದ ಮಟ್ಟವೂ ಇದೇ. ಆ ಇಡೀ ಸ್ಟೇಷನ್, ಎದುರಿನ ಕಟ್ಟಡಗಳು, ಅವುಗಳ ಕಿಟಕಿಗಳು, ಎಲ್ಲವೂ ನನ್ನ ಕಣ್ಣಿನ ಮಟ್ಟವನ್ನು ಹಿಡಿದುಕೊಂಡು ನಿಂತಿದ್ದವು. ರೈಲು ಬಂದು ಹೋಯಿತು. ಮುಂದಿನದಕ್ಕೆ ಹತ್ತಿದೆ.

ಇಟಲಿಯ ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ಅನ್ನುವ ವಾಸ್ತುಶಿಲ್ಪಿ ಇದನ್ನು ಮಾಡಿ ತೋರಿಸಿದ್ದು ಹದಿನೈದನೇ ಶತಮಾನದ ಶುರುವಿನಲ್ಲಿ. 1435ರಲ್ಲಿ ಆಲ್ಬರ್ಟಿ ಅನ್ನುವ ಇನ್ನೊಬ್ಬರು ಅದರ ಲೆಕ್ಕ ಬರೆದಿಟ್ಟರು. ಈಗ ಅದು ಹೈಸ್ಕೂಲ್ ಮಕ್ಕಳಿಗೂ ಸಿಗುವ ಪಾಠ. ಪುಸ್ತಕದಲ್ಲಿ ಓದಿದರೆ ಒಂದು ಪುಟ. ಪ್ಲಾಟ್‌ಫಾರಂ ಮೇಲೆ ನಿಂತು ಕಂಡುಕೊಂಡರೆ ಆಮೇಲೆ ಈ ಊರಿನ ಒಂದು ರಸ್ತೆಯನ್ನೂ ಹಳೇ ಕಣ್ಣಿನಿಂದ ನೋಡಲು ಆಗುವುದಿಲ್ಲ. ಕಬ್ಬನ್ ಪಾರ್ಕಿನಲ್ಲಿ ಅಠಾರಾ ಕಚೇರಿಯ ಕೆಂಪು ಕಂಬಗಳ ಸಾಲು ನೋಡಿದರೆ ಈಗ ನನ್ನ ಕೈ ತಾನಾಗೇ ಗಾಳಿಯಲ್ಲಿ ಆ ಇಳಿಯುವ ಗೆರೆ ಎಳೆಯುತ್ತದೆ.

ಆಸೆ ಸತ್ತುಹೋಗುತ್ತದೆ ಅನ್ನುವವರಿಗೆ

ಇಷ್ಟೆಲ್ಲ ಲೋಟ, ಡಬ್ಬ, ಗೆರೆ ಅಂತ ಕೂತರೆ ಬರೆಯುವ ಆಸೆಯೇ ಸತ್ತುಹೋಗುತ್ತದೆ ಅಂತ ಗೆಳೆಯರು ಹೇಳಿದ್ದಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಜೊತೆ ಸೇರಿದ ಇಬ್ಬರು ಎರಡನೇ ತಿಂಗಳಿಗೆ ಬಿಟ್ಟರು. ಬರೀ ಡಬ್ಬ ಬರೆಸಿ, ಯಾಕೆ ಅಂತ ಹೇಳದೆ, ತಪ್ಪಾದರೆ ಗದರಿಸುವ ಪಾಠ ನನಗೂ ಚಿಕ್ಕಂದಿನಲ್ಲಿ ಆಗಿತ್ತು. ಅದರಿಂದಲೇ ನಾನು ಇಪ್ಪತ್ತು ವರ್ಷ ಪೆನ್ಸಿಲ್ ಮುಟ್ಟಲಿಲ್ಲ. ಹಾಗಾಗಿ ನನ್ನದೊಂದು ಕಟ್ಟುಪಾಡು ಇದೆ. ಕೂತ ಹೊತ್ತಿನಲ್ಲಿ ಅರ್ಧ ತಿದ್ದುವುದಕ್ಕೆ, ಅರ್ಧ ನನಗೆ ಇಷ್ಟ ಬಂದದ್ದಕ್ಕೆ. ಆ ಎರಡನೇ ಅರ್ಧದಲ್ಲಿ ನೆರೆಮನೆಯ ಬೆಕ್ಕು ಬರೆಯುತ್ತೇನೆ, ಲಾಲ್‌ಬಾಗಿನ ದೊಡ್ಡ ಬೂರುಗದ ಮರದ ಬೇರು ಬರೆಯುತ್ತೇನೆ. ಕೆಟ್ಟರೂ ಪರವಾಗಿಲ್ಲ. ಆಸೆಗೆ ಊಟ ಹಾಕದೆ ಬರೀ ಕೆಲಸ ಮಾಡಿಸಬಾರದು.

ಆದರೆ ಸಂಗೀತದಲ್ಲಿ ನಾವು ಈ ಪ್ರಶ್ನೆ ಕೇಳುವುದಿಲ್ಲ ಅಲ್ವಾ? ಅಣ್ಣನ ಮಗಳು ಸಂಗೀತ ಕ್ಲಾಸಿಗೆ ಹೋಗುತ್ತಾಳೆ. ಒಂದು ವರ್ಷ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ ಅಂತ ಬರೀ ಸ್ವರದ ಅಭ್ಯಾಸ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ಎಲ್ಲರೂ ಒಪ್ಪುತ್ತೇವೆ. ಶ್ರುತಿ ತಪ್ಪಿದರೆ ಅವಳ ಕಿವಿಗೇ ಗೊತ್ತಾಗುತ್ತದೆ. ಚಿತ್ರದಲ್ಲಿ ತಪ್ಪಿದ್ದು ಹಾಗೆ ಕೂಡಲೇ ಚುಚ್ಚುವುದಿಲ್ಲ. ನೇರ ತಳದ ಲೋಟವೂ ಲೋಟ ಅಂತಲೇ ಗೊತ್ತಾಗುತ್ತದೆ. ಅದಕ್ಕೇ ಮೊದಲ ದಿನದಿಂದಲೇ ಪೂರ್ತಿ ಚಿತ್ರ ಬರೆದ ಹಾಗೆ ಅನ್ನಿಸುತ್ತದೆ, ಅಪಶ್ರುತಿಯಲ್ಲೇ ವರ್ಷಗಟ್ಟಲೆ ಹಾಡಿಕೊಂಡು ಹೋಗಬಹುದು. ನಾನು ಹೋಗಿದ್ದೆ.

ನಮ್ಮ ಹಳಬರು ಚಿತ್ರಕ್ಕೆ ಆರು ಅಂಗ ಹೇಳಿದ್ದಾರೆ. ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರ ಕೊಡುವ ಶ್ಲೋಕದಲ್ಲಿ ಅವು ಈ ಸಾಲಿನಲ್ಲಿ ಬರುತ್ತವೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಮೊದಲನೆಯದು ರೂಪಗಳ ವ್ಯತ್ಯಾಸ ಗುರುತಿಸುವುದು, ಎರಡನೆಯದು ಅಳತೆ. ಬಣ್ಣ ಬರುವುದು ಕೊನೆಗೆ. ಶ್ಲೋಕದ ಸಾಲು ಕಲಿಯುವ ಸಾಲೇ ಇರಬೇಕು ಅಂತಿಲ್ಲ. ಆದರೂ ನನಗೆ ಆ ಸಾಲು ಇಷ್ಟ. ಬಣ್ಣದ ಪೆಟ್ಟಿಗೆ, ಟ್ಯಾಬ್ಲೆಟ್, ಬ್ರಷ್ ಸೆಟ್ ಯಾವುದು ತಗೊಳ್ಳಲಿ ಅಂತ ನನ್ನನ್ನು ಕೇಳುವವರಿಗೆ ನಾನು ಮೊದಲು ಒಂದು 2ಬಿ ಪೆನ್ಸಿಲ್ ತಗೊಳ್ಳಿ ಅಂತಲೇ ಹೇಳುತ್ತೇನೆ.

ಇನ್ನು, ದೊಡ್ಡ ಕಲಾವಿದರಿಗೆ ಇದೆಲ್ಲ ಬೇಕಿರಲಿಲ್ಲ, ಎರಡು ಗೆರೆ ಎಳೆದರೆ ಚಿತ್ರ ಆಗುತ್ತಿತ್ತು ಅಂತ ಹೇಳುವಾಗ ಕೆ.ಕೆ. ಹೆಬ್ಬಾರರ ಹೆಸರು ತೆಗೆಯುತ್ತಾರೆ. ನಿಜ, ಅವರ ನೃತ್ಯದ ರೇಖಾಚಿತ್ರಗಳಲ್ಲಿ ಕೆಲವೇ ಗೆರೆ. ಆದರೆ ಆ ಗೆರೆಯನ್ನು ಹತ್ತಿರದಿಂದ ನೋಡಿ. ಸೊಂಟ ಎಲ್ಲಿ ತಿರುಗಿತು, ಭಾರ ಯಾವ ಕಾಲಿನ ಮೇಲೆ ಬಿತ್ತು ಅಂತ ಆ ಗೆರೆಗೆ ಗೊತ್ತಿದೆ. ಅವರು ಮುಂಬೈಯಲ್ಲಿ ಕಲಾಶಾಲೆಯ ಪಾಠ ಮುಗಿಸಿದವರು. ಲಯ ಮೈಯಲ್ಲೇ ತಿಳಿಯಲಿ ಅಂತ ಕಥಕ್ ಕೂಡ ಕಲಿತರು. ಬಿಟ್ಟ ಗೆರೆಗಳು ಯಾವುವು ಅಂತ ಗೊತ್ತಿದ್ದವರು ಮಾತ್ರ ಅಷ್ಟು ಕಡಿಮೆ ಗೆರೆಯಲ್ಲಿ ನಿಲ್ಲಿಸಲು ಸಾಧ್ಯ.

ತಡವಾಯಿತು ಅನ್ನುವವರಿಗೆ ವ್ಯಾನ್ ಗೋ ಬಗ್ಗೆ ಹೇಳಬೇಕು. ಅವರು ಕಲಾವಿದ ಆಗುತ್ತೇನೆ ಅಂತ ತೀರ್ಮಾನ ಮಾಡಿದ್ದು 1880ರಲ್ಲಿ, 27ನೇ ವಯಸ್ಸಿಗೆ. ಆಗ ಮೊದಲು ಕೈಹಾಕಿದ್ದು ಷಾರ್ಲ್ ಬಾರ್ಗ್ ಎಂಬ ಫ್ರೆಂಚ್ ಕಲಾವಿದ ಕಲಿಯುವವರಿಗೆಂದು ಮಾಡಿದ್ದ ಅಭ್ಯಾಸದ ಹಾಳೆಗಳಿಗೆ. ಅವನ್ನು ನೋಡಿ ನೋಡಿ ಬರೆದರು. 1882ರಲ್ಲಿ ಹೇಗ್ ನಗರದಲ್ಲಿದ್ದಾಗ ಒಂದು ಮರದ ಚೌಕಟ್ಟು ಮಾಡಿಸಿ, ಅದಕ್ಕೆ ದಾರ ಕಟ್ಟಿ, ಅದರೊಳಗಿಂದ ಹೊಲವನ್ನೂ ಕಡಲ ತೀರವನ್ನೂ ನೋಡಿ ಬರೆದರು. ಇದನ್ನು ಓದಿದಾಗ ನನಗೆ ನನ್ನ ಗ್ರಾಫ್ ನೆನಪಾಯಿತು. ಅವರದೂ ಒಂದು ಗ್ರಾಫೇ. ಆದರೆ ಅವರು ಅದನ್ನು ಫೋಟೋ ಮೇಲೆ ಹಾಕಲಿಲ್ಲ. ಗಾಳಿ ಬೀಸುವ, ಬೆಳಕು ಬದಲಾಗುವ ಜಾಗದ ಮುಂದೆ ನೆಟ್ಟರು. ದಾರದ ಆ ಕಡೆ ಇದ್ದದ್ದು ಆಳ ಇರುವ ಜಗತ್ತು. ಕಣ್ಣಿಗೆ ಪಾಠ ಆದದ್ದು ಅದರಿಂದ.

ಚೆಂಡಿನ ಅಡಿಯ ಬೆಳಕು

ಐದನೇ ತಿಂಗಳಲ್ಲಿ ಮೇಷ್ಟ್ರು ಕಿಟಕಿಗಳಿಗೆಲ್ಲ ಹಳೇ ಬೆಡ್‌ಶೀಟ್ ಕಟ್ಟಿ ಕತ್ತಲು ಮಾಡಿದರು. ಬಿಳೀ ಹಾಳೆಯ ಮೇಲೆ ಒಂದು ಟೇಬಲ್ ಟೆನಿಸ್ ಚೆಂಡು, ಪಕ್ಕದಲ್ಲಿ ಒಂದೇ ಒಂದು ಟೇಬಲ್ ಲ್ಯಾಂಪ್. "ಕಣ್ಣು ಅರ್ಧ ಮುಚ್ಚಿ ನೋಡಿ. ಬೆಳಕು ಯಾವುದು, ನೆರಳು ಯಾವುದು, ಅಷ್ಟು ಮಾತ್ರ ಹೇಳಿ" ಅಂದರು. ಅರ್ಧ ಮುಚ್ಚಿದ ಕಣ್ಣಿಗೆ ಸಣ್ಣಪುಟ್ಟದ್ದೆಲ್ಲ ಅಳಿಸಿಹೋಗಿ ಎರಡೇ ಭಾಗ ಉಳಿಯಿತು. ಅವನ್ನು ಗುರುತು ಹಾಕಿದೆ. ಆಮೇಲೆ ಕಣ್ಣು ತೆರೆದು ನೆರಳಿನ ಭಾಗದೊಳಗೆ ನೋಡು ಅಂದರು. ನೆರಳು ಒಂದೇ ಸಮ ಕಪ್ಪು ಇರಲಿಲ್ಲ. ಬೆಳಕು ಮುಗಿಯುವ ಗಡಿಯ ಪಕ್ಕದಲ್ಲೇ ಅತಿ ಕಪ್ಪು. ಚೆಂಡಿನ ಅಡಿಗೆ ಹೋಗುತ್ತಾ ಸ್ವಲ್ಪ ತಿಳಿಯಾಗಿತ್ತು. ಹಾಳೆಗೆ ತಾಗುವ ಮೊದಲು ಒಂದು ತೆಳ್ಳನೆಯ ಬೂದು ಬೆಳಕು.

"ಅದು ಎಲ್ಲಿಂದ ಬಂತು ಸರ್? ಲ್ಯಾಂಪ್ ಆ ಕಡೆ ಇದೆಯಲ್ಲ."

ಮೇಷ್ಟ್ರು ಮಾತಾಡದೆ ಚೆಂಡಿನ ಕೆಳಗಿನ ಬಿಳೀ ಹಾಳೆ ತೆಗೆದು ಕಪ್ಪು ಬಟ್ಟೆ ಇಟ್ಟರು. ಅಡಿಯ ಬೆಳಕು ಆರಿಹೋಯಿತು. ಮತ್ತೆ ಬಿಳೀ ಹಾಳೆ ಇಟ್ಟರು. ಬೆಳಕು ಬಂತು. ಹಾಳೆಗೆ ಬಿದ್ದ ಬೆಳಕು ಪುಟಿದು ಚೆಂಡಿನ ಅಡಿಗೆ ತಾಗುತ್ತಿತ್ತು.

ಆ ಸಂಜೆ ಅಣ್ಣನ ಮನೆಗೆ ಹೋದೆ. ಫ್ರೇಮ್ ಹತ್ತಿರ ನಿಂತೆ. ಅಪ್ಪನ ಗದ್ದದ ಅಡಿಯಲ್ಲಿ, ನೆರಳಿನೊಳಗೆ, ಒಂದು ತೆಳ್ಳನೆಯ ಬೂದು ಪಟ್ಟಿ ಇದೆ. ಅದನ್ನು ಬರೆದದ್ದು ನಾನೇ. ಆ ಚೌಕಕ್ಕೆ ಒಂದು ರಾತ್ರಿ ಪೂರ್ತಿ ಹೋಗಿತ್ತು. ಫೋಟೋದಲ್ಲಿ ಅಲ್ಲಿ ಬೂದು ಇತ್ತು, ನಾನೂ ಬೂದು ಹಾಕಿದ್ದೆ. ಈಗ ಗೊತ್ತಾಯಿತು. ಅಪ್ಪ ಯಾವಾಗಲೂ ಬಿಳೀ ಶರಟು ಹಾಕುತ್ತಿದ್ದರು. ಇಸ್ತ್ರಿ ಮಾಡಿದ, ಗಂಜಿ ಹಾಕಿದ ಬಿಳೀ ಶರಟು. ಆ ಗದ್ದದ ಕೆಳಗಿನ ಬೆಳಕು ಅವರ ಶರಟಿನದು. ಅಷ್ಟು ದಿನ ಅದರ ಮುಂದೆ ಕೂತಿದ್ದೆ, ಅದು ಏನು ಅಂತ ತಿಳಿಯದೆ. ಹಾಲ್‌ನಲ್ಲಿ ಯಾರೂ ಇರಲಿಲ್ಲ. ನನಗೆ ಅಳು ಬಂತು.

ಅಣ್ಣ ಕೂತದ್ದು

ತಲೆ ಕಲಿಯಲು ಇನ್ನೂ ಏಳೆಂಟು ತಿಂಗಳು ಹಿಡಿಯಿತು. ಕಣ್ಣು ತಲೆಯ ಎತ್ತರದ ಸರಿ ಮಧ್ಯದಲ್ಲಿರುತ್ತದೆ, ನಾವು ಹೊಸದಾಗಿ ಬರೆಯುವವರು ಅದನ್ನು ಮೇಲೆ ಹಾಕುತ್ತೇವೆ. ಮುಖವೇ ಮುಖ್ಯ ಅನ್ನಿಸಿ ತಲೆಯನ್ನು ಮರೆಯುತ್ತೇವೆ. ಪಕ್ಕದಿಂದ ನೋಡಿದರೆ ತಲೆ ಎಷ್ಟು ಎತ್ತರವೋ ಹೆಚ್ಚುಕಮ್ಮಿ ಅಷ್ಟೇ ಹಿಂದಕ್ಕೂ ಹೋಗುತ್ತದೆ. ಕಿವಿ ಕೂರುವುದು ಅದರ ಅರ್ಧಕ್ಕಿಂತ ಸ್ವಲ್ಪ ಹಿಂದೆ, ಹುಬ್ಬಿನ ಮಟ್ಟಕ್ಕೂ ಮೂಗಿನ ತಳದ ಮಟ್ಟಕ್ಕೂ ನಡುವೆ. ಯುಗಾದಿ ರಾತ್ರಿ ನಾನು ಕಿವಿಯನ್ನು ಕೆನ್ನೆಗೆ ಅಂಟಿಸಿ, ಅಪ್ಪನ ಹಿಂದಲೆಯನ್ನೇ ಕತ್ತರಿಸಿ ಹಾಕಿದ್ದೆ. ಮೇಷ್ಟ್ರು ಮೊದಲು ಒಂದು ಚೆಂಡು ಬರೆಸಿದರು, ಅದರ ಎರಡು ಬದಿ ಸವರಿಸಿದರು, ಮುಂದೆ ದವಡೆ ಜೋಡಿಸಿದರು. ಆ ಚೆಂಡನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಿ ಬರೆದೆ. ಲೋಟದಲ್ಲಿ ಕಲಿತ ದುಂಡು ಇಲ್ಲಿ ಹುಬ್ಬಿನ ಗೆರೆಯಾಗಿ ತಲೆಯನ್ನು ಸುತ್ತಿಕೊಂಡು ಹೋಯಿತು. ತಲೆ ಎತ್ತಿದರೆ ಆ ಗೆರೆ ಮೇಲಕ್ಕೆ ಬಾಗುತ್ತದೆ, ತಗ್ಗಿಸಿದರೆ ಕೆಳಕ್ಕೆ.

ಕಳೆದ ತಿಂಗಳು ಒಂದು ಭಾನುವಾರ ಅಣ್ಣನನ್ನು ಕಿಟಕಿ ಹತ್ತಿರ ಕೂರಿಸಿದೆ. ಅಪ್ಪನ ಕುರ್ಚಿಯಲ್ಲೇ. ಅವನಿಗೆ ಅಪ್ಪನದೇ ಹಣೆ, ಅಪ್ಪನದೇ ಕಿವಿ. ಮೂಗು ಅಮ್ಮನದು. ಮೂಗಿಗೆ ಫೋಟೋ ನೋಡಿದೆ. ಎದುರಿನಿಂದ ಬಿದ್ದ ನೆರಳಿನ ಅಗಲ ನೋಡಿ ಅದು ಎಷ್ಟು ಮುಂದೆ ಬಂದಿರಬಹುದು ಅಂತ ಲೆಕ್ಕ ಹಾಕಿದೆ. ಉಳಿದದ್ದಕ್ಕೆ ನೆನಪು. ಅಣ್ಣ ಒಂದೂವರೆ ಗಂಟೆ ಅಲುಗಾಡದೆ ಕೂತ. ಮಧ್ಯೆ ಒಂದು ಸಲ ಮಾತ್ರ, "ಅಪ್ಪಂಗೆ ಕತ್ತಿನ ಹಿಂದೆ ಒಂದು ಮಡಿಕೆ ಬರ್ತಿತ್ತು ಕಣೆ, ನೆನಪಿದ್ಯಾ" ಅಂದ. ನೆನಪಿತ್ತು. ಬರೆದೆ.

ಅಣ್ಣನ ಮಗಳಿಗೆ ಈಗ ಒಂಬತ್ತು. ನನ್ನ ಭುಜದ ಹಿಂದೆ ನಿಂತು ತುಂಬಾ ಹೊತ್ತು ನೋಡಿದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

"ಅತ್ತೆ, ತಾತ ಪೇಪರ್ ಇಷ್ಟು ಮೇಲೆ ಹಿಡೀತಿರ್ಲಿಲ್ಲ. ತೊಡೆ ಮೇಲೆ ಇಟ್ಕೊಂಡು ಓದ್ತಿದ್ರು."

ಹೌದು. ಅಪ್ಪ ತೊಡೆಯ ಮೇಲೆ ಇಟ್ಟುಕೊಂಡೇ ಓದುತ್ತಿದ್ದರು. ರಬ್ಬರ್ ತೆಗೆದುಕೊಂಡು ಪೇಪರ್ ಅಳಿಸಿದೆ. ಪೇಪರ್ ಕೆಳಗಿಳಿದರೆ ಮೊಣಕೈ ಇಳಿಯಬೇಕು. ಮೊಣಕೈ ಇಳಿದರೆ ಭುಜ ಸ್ವಲ್ಪ ಸಡಿಲವಾಗಬೇಕು. ಕತ್ತು ಬಾಗಬೇಕು, ಹುಬ್ಬಿನ ಗೆರೆ ಇನ್ನಷ್ಟು ಕೆಳಕ್ಕೆ ಸುತ್ತಬೇಕು, ಕನ್ನಡಕ ಮೂಗಿನ ಮೇಲೆ ಒಂದು ಚೂರು ಜಾರಬೇಕು. ಹಳೇ ಗೆರೆಗಳ ಪಕ್ಕದಲ್ಲೇ ಹೊಸದಾಗಿ ಶುರು ಮಾಡಿದೆ. ಅವಳು ಒಂದು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.